ಹಾಗಲಕಾಯಿಗೆ ಏರ್ ಫ್ರೈಯರ್, ಬಜ್ಜಿಗೆ ಬಾಣಲೆ

ಆಹಾರ ಸಲಹೆಗೆ ಬರುವವರು ಈಗೀಗ ತಪ್ಪದೆ ಕೇಳುತ್ತಾರೆ: "ಮೇಡಂ, ಏರ್ ಫ್ರೈಯರ್ ತಗೊಂಡ್ರೆ ಕರಿದದ್ದು ತಿನ್ನಬಹುದಾ?" ಹೆಸರಿನಲ್ಲಿ ಫ್ರೈಯರ್ ಇದ್ದರೂ ಅದು ಕರಿಯುವುದಿಲ್ಲ. ಮೇಲೊಂದು ಕಾಯಿಲ್, ಒಂದು ಫ್ಯಾನು. ಬಿಸಿಗಾಳಿಯನ್ನು ರಭಸವಾಗಿ ಸುತ್ತಿಸುವ ಪುಟ್ಟ ಓವನ್ ಅದು.

ಬಾಣಲೆಯಲ್ಲಿ ನಡೆಯುವುದೇ ಬೇರೆ. 180 ಡಿಗ್ರಿ ಆಸುಪಾಸು ಕಾದ ಎಣ್ಣೆಗೆ ಬಜ್ಜಿ ಬಿಟ್ಟ ಕೂಡಲೇ ಚುರ್ ಎನ್ನುತ್ತದಲ್ಲ, ಅದು ಹಿಟ್ಟಿನ ನೀರು ಆವಿಯಾಗಿ ಹೊರನುಗ್ಗುವ ಸದ್ದು. ಆವಿ ಹೀಗೆ ನುಗ್ಗುವಷ್ಟು ಹೊತ್ತು ಎಣ್ಣೆಗೆ ಒಳಗೆ ಇಳಿಯಲು ಆಸ್ಪದ ಕಡಿಮೆ. ಬಜ್ಜಿ ಎಣ್ಣೆ ಕುಡಿಯುವುದು ಬಹುಪಾಲು ಹೊರತೆಗೆದ ಮೇಲೆ. ತಣಿಯುತ್ತಾ ಒಳಗಿನ ಆವಿ ನೀರಾಗುತ್ತದೆ, ಆವಿ ಬಿಟ್ಟುಹೋದ ಸಂದುಗಳಿಗೆ ಮೈಮೇಲಿನ ಎಣ್ಣೆ ಇಳಿಯುತ್ತದೆ. ಆದ್ದರಿಂದ ಜಾಲರಿ ಸೌಟನ್ನು ಬಾಣಲೆಯ ಮೇಲೆಯೇ ಎರಡು ಸಲ ಕೊಡವಿ, ಬಿಸಿಯಿರುವಾಗಲೇ ಟಿಶ್ಯೂ ಮೇಲೆ ಹರಡಿ. ದಿನಪತ್ರಿಕೆ ಮಾತ್ರ ಬೇಡ, ಶಾಯಿ ತಿಂಡಿಗೆ ಹತ್ತುತ್ತದೆ.

ಅದೇ ಹಿಟ್ಟನ್ನು ಏರ್ ಫ್ರೈಯರಿನಲ್ಲಿ ಹಾಕಿ ನೋಡಿದ್ದೇನೆ. ಗಟ್ಟಿಯಾಗುವ ಮೊದಲೇ ಬುಟ್ಟಿಯ ತೂತುಗಳಿಂದ ಸೋರಿ ತಳದಲ್ಲಿ ಹೆಪ್ಪುಗಟ್ಟಿತು. ಉಳಿದದ್ದು ಒಣಒಣ. ಹಗುರಾದ ಹಪ್ಪಳವಂತೂ ಗಾಳಿಗೆ ಹಾರಿ ಕಾಯಿಲ್‌ಗೆ ತಗುಲಬಹುದು. ಅದರ ಬದಲು ಬಿಲ್ಲೆ ಹೆಚ್ಚಿ ಉಪ್ಪು, ಅರಿಶಿನ, ಖಾರದಪುಡಿ ಸವರಿದ ಹಾಗಲಕಾಯಿ, ಸೀಳಿದ ಬೆಂಡೆಕಾಯಿ, ಬಾಳೆಕಾಯಿ ಹಾಕಿ. ಒಂದೇ ಟೀ ಚಮಚ ಎಣ್ಣೆ, 180 ಡಿಗ್ರಿ, ಹದಿನೈದು ನಿಮಿಷದ ಆಸುಪಾಸು, ನಡುವೆ ಒಮ್ಮೆ ಬುಟ್ಟಿ ಕುಲುಕಬೇಕು. ಗರಿಗರಿಯಾಗಿ ಬರುತ್ತದೆ. ಎಣ್ಣೆಯ ಪ್ರತಿ ಗ್ರಾಂಗೂ 9 ಕ್ಯಾಲೊರಿ ಇರುವಾಗ ಈ ಉಳಿತಾಯ ಸಣ್ಣದಲ್ಲ.

ಆದರೆ "ಎಣ್ಣೆ ಇಲ್ಲವಲ್ಲ" ಎಂದು ದಿನವೂ ಫ್ರೋಜನ್ ಫ್ರೆಂಚ್ ಫ್ರೈಸ್ ಮಾಡಿಕೊಳ್ಳುವವರನ್ನು ಕಂಡಾಗ ಸಂಕಟವಾಗುತ್ತದೆ. ಅವು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಅರ್ಧ ಕರಿದು ಬಂದಿರುತ್ತವೆ. ಸಕ್ಕರೆ ಕಾಯಿಲೆಯವರಿಗೆ ಆಲೂಗಡ್ಡೆಯ ಪಿಷ್ಟ ಎಲ್ಲಿ ಬೆಂದರೂ ಪಿಷ್ಟವೇ. ಕಂದು ಬಣ್ಣಕ್ಕೆ ತಿರುಗುವಷ್ಟು ಕಾಯಿಸಿದರೆ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಬಾಣಲೆ, ಏರ್ ಫ್ರೈಯರ್ ಎರಡರಲ್ಲೂ ಹೆಚ್ಚುತ್ತದೆ. ಹೊಂಬಣ್ಣಕ್ಕೆ ಬಂದಾಗಲೇ ತೆಗೆಯಿರಿ.

ನನಗೆ ಹೆಚ್ಚು ಭಯ ಹಬ್ಬ ಮುಗಿದ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಕಪ್ಪಗೆ ಕೂತಿರುವ ಕರಿದೆಣ್ಣೆಯದು. ಮತ್ತೆ ಮತ್ತೆ ಕಾಯಿಸಿದಂತೆ ಅದು ಒಡೆದು ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಕೆಟ್ಟಾಗ ಹುಟ್ಟುವ ವಸ್ತುಗಳು, ಹೆಚ್ಚುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಬಳಸಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ. ಮನೆಯಲ್ಲಿ ಅಳೆಯಲಾಗದು. ಚಿಕ್ಕ, ಆಳದ ಬಾಣಲೆಯಲ್ಲಿ ಕಡಿಮೆ ಎಣ್ಣೆ ಇಟ್ಟು ಸ್ವಲ್ಪಸ್ವಲ್ಪವೇ ಕರಿಯಿರಿ. ಉಳಿದ ಅರ್ಧ ಲೋಟವನ್ನು ಸೋಸಿಟ್ಟರೆ ಒಂದೆರಡು ದಿನದ ಒಗ್ಗರಣೆಗೆ ಮುಗಿಯುತ್ತದೆ.