ಹೊಂಡದ ನೀರು ಹಸಿರಾಗಿದ್ದರೂ ಕಾಟ್ಲಾ ಮೀನಿನ ಮರಿ ಸೊರಗುವುದೇಕೆ?

ಪ್ರಶ್ನೆ: ನರ್ಸರಿ ಹೊಂಡಕ್ಕೆ ಸಗಣಿ ಹಾಕಿದ್ದೇವೆ. ನೀರು ದಟ್ಟ ಹಸಿರಾಗಿದೆ, ಮರಿಗಳು ಮಾತ್ರ ಬೆಳೆಯುತ್ತಿಲ್ಲ. ಇಷ್ಟು ಪಾಚಿ ಇದ್ದಮೇಲೆ ಮೇವಿಗೇನು ಕೊರತೆ?

ಉತ್ತರ: ಕಾಟ್ಲಾ ಮರಿ ಮುಖ್ಯವಾಗಿ ತಿನ್ನುವುದು ಪಾಚಿಯನ್ನಲ್ಲ, ಪಾಚಿ ಮೇಯುವ ಪ್ರಾಣಿಪ್ಲವಕಗಳನ್ನು: ರೋಟಿಫರ್, ಮೊಯಿನಾ, ಡಾಫ್ನಿಯಾ. ಈ ಸಣ್ಣ ಜೀವಿಗಳಿಗೆ ಒಗ್ಗದ ಪಾಚಿ ಎಷ್ಟಿದ್ದರೂ ಮರಿಯ ಹೊಟ್ಟೆ ತುಂಬದು.

ಡಾಫ್ನಿಯಾ ಆರಿಸಿ ತಿನ್ನುವುದಿಲ್ಲ. ಕಾಲುಗಳ ಮೇಲಿನ ಬಾಚಣಿಗೆಯಂಥ ರೋಮಗಳಿಂದ ನೀರು ಸೋಸಿ, ಸಿಕ್ಕಿದ್ದನ್ನೆಲ್ಲ ಉಂಡೆ ಮಾಡಿ ಬಾಯಿಗೆ ತಳ್ಳುತ್ತದೆ. ಅದಕ್ಕೆ ಹಿಡಿಸುವ ಕಣ ಹೆಚ್ಚೆಂದರೆ ಸುಮಾರು 30 ಮೈಕ್ರಾನ್. ನೀಲಿಹಸಿರು ಪಾಚಿಗಳಲ್ಲಿ ಮೈಕ್ರೋಸಿಸ್ಟಿಸ್ ಅದಕ್ಕಿಂತ ದೊಡ್ಡ ಗುಂಪು ಕಟ್ಟುತ್ತದೆ, ಇನ್ನು ಕೆಲವು ಎಳೆಯಾಗಿ ಬೆಳೆದು ರೋಮಕ್ಕೆ ಸಿಕ್ಕಿಕೊಳ್ಳುತ್ತವೆ. ಆಗ ಡಾಫ್ನಿಯಾ ಬಾಲದ ಕೊಕ್ಕೆಯಿಂದ ಇಡೀ ಉಂಡೆಯನ್ನೇ ಹೊರಗೆ ಒಗೆಯುತ್ತದೆ, ಅದರೊಳಗಿನ ಒಳ್ಳೆಯ ಮೇವೂ ಹೋಗುತ್ತದೆ.

ನುಂಗಿದರೂ ಮೈಗೆ ಹತ್ತುವುದು ಕಡಿಮೆ. ಪೊರೆ ಕಳಚಲು ಬೇಕಾದ ಹಾರ್ಮೋನಿಗೆ ಸ್ಟೆರಾಲ್ ಬೇಕು. ಡಾಫ್ನಿಯಾ ಅದನ್ನು ತಾನೇ ತಯಾರಿಸಿಕೊಳ್ಳಲಾರದು, ನೀಲಿಹಸಿರು ಪಾಚಿಯಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಇಪಿಎ ಎಂಬ ಒಮೇಗಾ-3 ಕೊಬ್ಬಿನಾಮ್ಲವೂ ಅಷ್ಟಕ್ಕಷ್ಟೆ. ಕ್ರಿಪ್ಟೊಮೊನಾಸ್, ಡಯಾಟಮ್ ಎಂಬ ಪಾಚಿಗಳಲ್ಲಿ ಇಪಿಎ ಧಾರಾಳ. ಕ್ಲೋರೆಲ್ಲಾ, ಸೀನೆಡೆಸ್ಮಸ್‌ನಂಥ ಹಸಿರು ಪಾಚಿಯಲ್ಲಿ ಸ್ಟೆರಾಲ್ ಇದೆ, ಇಪಿಎ ಕಡಿಮೆ. ಅವು ಮಧ್ಯಮ ದರ್ಜೆಯ ಮೇವು. ಹಸಿರು ಪಾಚಿಯಲ್ಲೂ ಲೋಳೆ ಹೊದ್ದ ಸ್ಫೆರೋಸಿಸ್ಟಿಸ್ ಡಾಫ್ನಿಯಾದ ಕರುಳನ್ನು ಜೀವಂತವಾಗಿಯೇ ದಾಟಿ, ಹಾದಿಯಲ್ಲಿ ರಂಜಕವನ್ನೂ ಹೀರಿಕೊಂಡು ಹೊರಬರುತ್ತದೆ!

ಒಳ್ಳೆಯ ಜಾತಿಯ ಪಾಚಿಯೂ ಜೊಳ್ಳಾಗಬಹುದು. ಡಾಫ್ನಿಯಾದ ಒಣತೂಕದಲ್ಲಿ ಶೇ 1.5ರಷ್ಟು ರಂಜಕ. ಪಾಚಿಯಲ್ಲಿ ಒಂದು ರಂಜಕದ ಪರಮಾಣುವಿಗೆ ಇಂಗಾಲದ ಪರಮಾಣು ಸುಮಾರು 300 ದಾಟಿದರೆ ಡಾಫ್ನಿಯಾದ ಬೆಳವಣಿಗೆ ಕುಂಟುತ್ತದೆ. ಬಿಸಿಲು ಚೆನ್ನಾಗಿದ್ದು ರಂಜಕ ಸಾಲದಾದಾಗ ಪಾಚಿ ಬರೀ ಪಿಷ್ಟ, ಎಣ್ಣೆ ತುಂಬಿಕೊಳ್ಳುತ್ತದೆ. ಅದನ್ನು ಮೇಯುವ ಜೀವಿಯದು ಬರೀ ಗಂಜಿ ಕುಡಿದ ಮಗುವಿನ ಪಾಡು: ಹೊಟ್ಟೆ ತುಂಬುತ್ತದೆ, ಮೈ ಏಳುವುದಿಲ್ಲ.

ನಿಮ್ಮ ಹೊಂಡದ್ದು ಯಾವ ತೊಂದರೆ? ಗಾಜಿನ ಲೋಟದಲ್ಲಿ ನೀರು ಹಿಡಿದು ಅರ್ಧ ಗಂಟೆ ನೆರಳಿನಲ್ಲಿಡಿ. ಹಸಿರು ರವೆಯಂತೆ ಮೇಲೆ ತೇಲಿ ಬಂದರೆ ಬಹುಪಾಲು ಮೈಕ್ರೋಸಿಸ್ಟಿಸ್. ಅದರ ಕೋಶದೊಳಗೆ ಗಾಳಿ ತುಂಬಿದ ಚೀಲಗಳಿವೆ. ತೇಲದಿದ್ದರೆ ಪ್ಲವಕ ಬಲೆಯಲ್ಲಿ 50 ಲೀಟರ್ ನೀರು ಸೋಸಿ. ಮರಿ ಬಿಡುವ ಹೊಂಡದಲ್ಲಿ 1ರಿಂದ 2 ಮಿ.ಲೀ. ಪ್ಲವಕ ಸಿಗಬೇಕು. ಅದರಲ್ಲಿ ಎಗರಿ ಎಗರಿ ಈಜುವ, ಡಾಫ್ನಿಯಾದ ಹತ್ತಿರದ ಬಂಧುವಾದ ಒಂದು ಮೊಯಿನಾವನ್ನು ಮಸೂರದಡಿ ನೋಡಿ. ಬೆನ್ನಿನ ಚೀಲದ ತುಂಬ ದುಂಡು ಮೊಟ್ಟೆಗಳಿದ್ದರೆ ಮೇವು ಸರಿಯಿದೆ. ಒಂದೋ ಎರಡೋ ಮೊಟ್ಟೆ, ಇಲ್ಲವೇ ಕುದುರೆ ಜೀನಿನಂಥ ಕಪ್ಪು ಪೊರೆ ಕಂಡರೆ ಅದು ಕಷ್ಟಕಾಲಕ್ಕೆ ಸಜ್ಜಾಗುತ್ತಿದೆ. ನೀರಿನ ಬಣ್ಣಕ್ಕಿಂತ ಈ ಬೆನ್ನನ್ನೇ ನಂಬಬೇಕು.

ಮೈಕ್ರೋಸಿಸ್ಟಿಸ್ ಆದರೆ ಗೊಬ್ಬರ, ಹಿಂಡಿ ನಿಲ್ಲಿಸಿ. ಗಾಳಿ ತಳ್ಳಿದ ದಡದಲ್ಲಿ ಕೆನೆಗಟ್ಟಿದ್ದನ್ನು ಹಳೇ ಸೀರೆಯಲ್ಲಿ ಬಾಚಿ ತೆಗೆಯಿರಿ, ಸಾಧ್ಯವಾದರೆ ಸ್ವಲ್ಪ ನೀರು ಬದಲಿಸಿ. ದಯವಿಟ್ಟು ಮೈಲುತುತ್ತ ಸುರಿಯಬೇಡಿ. ಪಾಚಿ ಒಮ್ಮೆಲೇ ಸತ್ತು ಕೊಳೆತರೆ ನೀರಿನ ಆಮ್ಲಜನಕ ಮುಗಿದು ಬೆಳಗಾಗುವಷ್ಟರಲ್ಲಿ ಮರಿಗಳು ತೇಲುತ್ತವೆ. ಕೋಶದೊಳಗಿನ ವಿಷವೂ ನೀರಿಗೆ ಇಳಿಯುತ್ತದೆ, ಮೊಯಿನಾವೂ ಸಾಯುತ್ತದೆ.

ಹೊಂಡ ಹೊಸದಾಗಿ ತಯಾರಿಸುವಾಗ ಬರೀ ಸಗಣಿ ನೆಚ್ಚಬೇಡಿ. ಒಂದು ಗುಂಟೆಗೆ ಏಳೂವರೆ ಕಿಲೋ ಕಡಲೆಕಾಯಿ ಹಿಂಡಿ, 2 ಕಿಲೋ ಸಗಣಿ, ಅರ್ಧ ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್ ನೆನೆಸಿ ಕಲಸಿ, ಮರಿ ಬಿಡುವ 2–3 ದಿನ ಮೊದಲು ಅರ್ಧ ಎರಚಿ. ಉಳಿದದ್ದನ್ನು ಆಮೇಲೆ ಎರಡು ಮೂರು ಕಂತಿನಲ್ಲಿ ಕೊಡಿ. ಸುಣ್ಣ ಹಾಕುವುದಿದ್ದರೆ ಸೂಪರ್ ಫಾಸ್ಫೇಟಿಗಿಂತ ಒಂದು ವಾರ ಮುಂಚೆ ಮುಗಿಸಿ. ಎರಡನ್ನೂ ಒಟ್ಟಿಗೆ ಹಾಕಿದರೆ ರಂಜಕ ಸುಣ್ಣಕ್ಕೆ ಅಂಟಿ ತಳ ಸೇರುತ್ತದೆ, ಪಾಚಿಗೆ ದಕ್ಕುವುದಿಲ್ಲ.