ಕಡಲಂಚಿನ ದಾರಿ ಸಮತಟ್ಟಾಗಿದೆ ಅನ್ನುತ್ತೆ ನಕ್ಷೆ, ನಂಬಬಹುದಾ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಲಾಸ್ಟ್ ಕೋಸ್ಟ್ ಕರಾವಳಿಗೆ ಚಾರಣ ಹೋಗಬೇಕು ಅಂತಿದ್ದೇವೆ. ನೆಲದ ಏರಿಳಿತ ತೋರಿಸುವ ಟೋಪೋ ನಕ್ಷೆಯಲ್ಲಿ ದಾರಿ ನೀರಿನ ಪಕ್ಕದಲ್ಲೇ ಸಾಗುತ್ತದೆ, ಹತ್ತುವುದು ಇಳಿಯುವುದು ಹೆಚ್ಚೇನೂ ಕಾಣುವುದಿಲ್ಲ. ಸುಲಭ ಅಲ್ವಾ?

ಉತ್ತರ: ಹತ್ತುವುದು ಕಡಿಮೆ, ನಿಜ. ಆದರೆ ದಿನದಲ್ಲಿ ಕೆಲವು ಗಂಟೆ ಅಲ್ಲಿ ದಾರಿಯೇ ಇರುವುದಿಲ್ಲ!

ಮೊದಲು ಕಾಂಟೂರ್ ಗೆರೆಗಳನ್ನು ನೋಡಿ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು. ಇಲ್ಲಿನ ಕಿಂಗ್ ಪೀಕ್ ಶಿಖರದ ಎತ್ತರ 4,000 ಅಡಿಗೂ ಜಾಸ್ತಿ. ಕಡಲಿನಿಂದ ಅದು ಬರೀ 5 ಕಿಲೋಮೀಟರ್ ಆಸುಪಾಸು. 1:24,000 ಅಳತೆಯ ಹಾಳೆಯಲ್ಲಿ ಈ ದೂರ ಒಂದು ಗೇಣು ಆಗುತ್ತದೆ. 40 ಅಡಿಗೊಂದು ಗೆರೆ ಅಂದರೆ ಆ ಗೇಣಿನೊಳಗೆ ನೂರು ಗೆರೆ. ಈ ಕಡಿದಾದ ಬೆಟ್ಟಗಳಿಂದಾಗಿಯೇ ಕರಾವಳಿ ರಸ್ತೆಯಾದ ಹೆದ್ದಾರಿ 1 ಇಲ್ಲಿ ಕರಾವಳಿ ಬಿಟ್ಟು ಒಳನಾಡಿಗೆ ತಿರುಗಿತು. ರಸ್ತೆ ಇಲ್ಲ, ಹಾಗಾಗಿ ಊರುಗಳೂ ಹೆಚ್ಚಿಲ್ಲ. ಕಿಂಗ್ ರೇಂಜ್ ಎಂಬ ಈ ಬೆಟ್ಟಸಾಲು 1970ರಿಂದ ಸಂರಕ್ಷಿತ ಪ್ರದೇಶ.

ಅಂದರೆ ನಿಮ್ಮ ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಪೆಸಿಫಿಕ್. ನಡುವೆ ಇರುವ ಮರಳಿನ ಪಟ್ಟಿ ಎಷ್ಟು ಅಗಲ? ಅದಕ್ಕೆ ನಕ್ಷೆಯಲ್ಲಿ ಉತ್ತರವಿಲ್ಲ. ಅಮೆರಿಕದ ಟೋಪೋ ಹಾಳೆಗಳಲ್ಲಿ ನೀಲಿ ಬಣ್ಣ ಶುರುವಾಗುವ ಗೆರೆ ಸರಿಸುಮಾರು ಉಬ್ಬರದ ಸರಾಸರಿ ಮಟ್ಟ. ಈ 'ಸರಾಸರಿ' ಅನ್ನುವ ಮಾತಿನಲ್ಲೇ ಮೋಸ ಇರುವುದು. ಎಷ್ಟೋ ಉಬ್ಬರಗಳು ಆ ಗೆರೆ ದಾಟಿ ಬರುತ್ತವೆ. ಅಲೆಗಳ ಲೆಕ್ಕ ಬೇರೆ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಅವೆರಡೂ ಒಂದೇ ಎತ್ತರದವಲ್ಲ. ನಿನ್ನೆ ಬೆಳಿಗ್ಗೆ ಕಾಲು ನೆನೆಯದೆ ದಾಟಿದ ಜಾಗ ಇವತ್ತು ಸಂಜೆ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ.

ಮಟೋಲ್ ನದಿಯ ಬಾಯಿಂದ ಶೆಲ್ಟರ್ ಕೋವ್‌ವರೆಗೆ ಸುಮಾರು 40 ಕಿಲೋಮೀಟರ್ ದಾರಿ. ಅದರಲ್ಲಿ ಎರಡು ಭಾಗಗಳನ್ನು ಉಬ್ಬರದ ಹೊತ್ತಿನಲ್ಲಿ ದಾಟುವುದಕ್ಕೇ ಆಗುವುದಿಲ್ಲ: ಸೀ ಲಯನ್ ಗಲ್ಚ್‌ನಿಂದ ರಾಂಡಲ್ ಕ್ರೀಕ್, ಮಿಲ್ಲರ್ ಫ್ಲಾಟ್‌ನಿಂದ ಗಿಚೆಲ್ ಕ್ರೀಕ್. ಒಂದೊಂದೂ 6 ಕಿಲೋಮೀಟರ್‌ಗೂ ಜಾಸ್ತಿ. ಇವನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಪಕ್ಕದಲ್ಲೇ ನೀವು ಹೋಗುವ ದಿನದ ಇಳಿತದ ಸಮಯ ಬರೆಯಿರಿ. ನೀರು ಇಳಿಯುತ್ತಿರುವಾಗಲೇ ಹೊರಡಿ. ಉರುಟು ಕಲ್ಲುಗಳ ಮೇಲೆ ಮಾಮೂಲಿ ವೇಗದಲ್ಲಿ ನಡೆಯಲು ಆಗುವುದಿಲ್ಲ, ಆ ಕಲ್ಲುಗಳೂ ನಕ್ಷೆಯಲ್ಲಿ ಕಾಣುವುದಿಲ್ಲ.

ಇನ್ನೊಂದು ವಿಷಯ. ಉಬ್ಬರ-ಇಳಿತದ ಸಮಯ, ಎತ್ತರ ಕೊಡುವ ಪಟ್ಟಿಯ 'ಸೊನ್ನೆ' ಬೇರೆ, ಕಾಂಟೂರ್ ಗೆರೆಗಳ 'ಸೊನ್ನೆ' ಬೇರೆ. ಪಟ್ಟಿಯಲ್ಲಿ 5 ಅಡಿ ಅಂತಿದ್ದರೆ ಅದನ್ನು ನಕ್ಷೆಯ ಎತ್ತರದ ಜೊತೆ ಹೋಲಿಸಲು ಹೋಗಬೇಡಿ.