ಅಷ್ಟು ದೊಡ್ಡ ಜಾಗದಲ್ಲಿ ದನ ಓಡಿಹೋಗುವುದಿಲ್ಲವೇ?

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಬೆಳಗಾವಿ ಜಿಲ್ಲೆಗಿಂತ ದೊಡ್ಡ ದನದ ಫಾರ್ಮ್ ಇದೆಯಂತೆ. ಅಷ್ಟಕ್ಕೂ ಬೇಲಿ ಹಾಕಿ ಕಾಯುವುದು ಹೇಗೆ?

ಎಲ್ಲರೂ ಕೇಳುವುದು ಬೇಲಿಯನ್ನೇ! ಇರಲಿ. ನೀವು ಹೇಳುತ್ತಿರುವುದು ದಕ್ಷಿಣ ಆಸ್ಟ್ರೇಲಿಯಾದ ಆನಾ ಕ್ರೀಕ್. 2016ರಲ್ಲಿ ಪೀಕ್ ಎಂಬ ಅದರ ಒಂದು ಭಾಗ ಬೇರೆಯಾದ ಮೇಲೂ ಅದು 15,000 ಚದರ ಕಿ.ಮೀ. ಮೀರುತ್ತದೆ, ಬೆಳಗಾವಿ 13,415. ಜಮೀನು ಸರ್ಕಾರದ್ದು, ಮೇಯಿಸಲು ಗುತ್ತಿಗೆ.

ಬೇಲಿ ಇದೆ, ಆದರೆ ದನವನ್ನು ಹಿಡಿದಿಡುವುದು ನೀರು. ಹಲವರು ಹೇಳುವ 5,600 ಕಿ.ಮೀ. ಬೇಲಿ ಡಿಂಗೊ ಎಂಬ ಕಾಡುನಾಯಿಗಳಿಂದ ಕುರಿ ಕಾಯಲು ಕಟ್ಟಿದ್ದು. ಆನಾ ಕ್ರೀಕ್ ಅದರ ಹೊರಗಿದೆ, ಅದಕ್ಕೇ ಅಲ್ಲಿ ಕುರಿಯಿಲ್ಲ, ದನ. ಒಣಗಾಲದಲ್ಲಿ ಬೋರ್‌ವೆಲ್ ತೊಟ್ಟಿ ಬಿಟ್ಟರೆ ಕುಡಿಯಲು ಬೇರೇನೂ ಇರುವುದಿಲ್ಲ. ಮೇಯುತ್ತ ಎಂಟು-ಹತ್ತು ಕಿ.ಮೀ. ಹೋದ ದನ ನೀರಡಿಸಿ ತಾನೇ ವಾಪಸಾಗುತ್ತದೆ.

ಹಿಡಿಯುವುದೂ ಅಲ್ಲೇ. ತೊಟ್ಟಿಯ ಸುತ್ತ ಕಬ್ಬಿಣದ ದೊಡ್ಡಿ ಕಟ್ಟಿ, ಎರಡೂ ಬದಿಯಿಂದ ಒಳಮುಖವಾಗಿ ಚಾಚಿದ ಸಲಾಕೆಗಳ ಬಾಗಿಲು ಇಡುತ್ತಾರೆ. ಒಳಗೆ ಬರುವಾಗ ಮೈತಾಕಿ ಸಲಾಕೆ ಅಗಲುತ್ತವೆ. ಮರಳಿ ಹೊರಟರೆ ಮೊನೆಗಳು ಎದುರಾಗುತ್ತವೆ. ಮೊದಲ ಕೆಲವು ದಿನ ಅಗಲವಾಗಿ ತೆರೆದಿಟ್ಟು ರೂಢಿ ಮಾಡಿಸಬೇಕು, ಇಲ್ಲದಿದ್ದರೆ ಬೆದರಿ ಹೊರಗೇ ನಿಲ್ಲುತ್ತವೆ. ಬೇಲಿಯೇ ಎಲ್ಲ ಎನ್ನುವವರು ದೊಡ್ಡ ಮಳೆಯ ಮರುವಾರ ನೋಡಬೇಕು: ತಗ್ಗಿನಲ್ಲೆಲ್ಲ ನೀರು ನಿಂತು, ಒಂದು ದನವೂ ತೊಟ್ಟಿಯತ್ತ ಸುಳಿಯದು. ಬೇಲಿ ಇದ್ದಲ್ಲೇ ಇರುತ್ತದೆ. ಆಗ ಹೆಲಿಕಾಪ್ಟರ್, ಬೈಕ್ ತೆಗೆದು ಅಟ್ಟಬೇಕು.

ಹಾಗಾಗಿ ಕೆಲಸಗಾರರ ನಿತ್ಯದ ಓಡಾಟ ಬೋರ್ ನೋಡುವುದಕ್ಕೆ. ಬೇಸಿಗೆಯಲ್ಲಿ ಒಂದು ಹಸು ದಿನಕ್ಕೆ 60 ಲೀಟರಿನ ಆಸುಪಾಸು ಕುಡಿಯುತ್ತದೆ. 300 ದನಕ್ಕೆ 18,000. ತೊಟ್ಟಿ ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಕಸ ಸಿಕ್ಕಿ ಮುಚ್ಚಿಕೊಂಡರೆ ತೊಟ್ಟಿ ಒಣಗುತ್ತದೆ, ತೆರೆದೇ ಉಳಿದರೆ ತೊಟ್ಟಿಗೆ ನೀರು ಕೊಡುವ ಟ್ಯಾಂಕ್ ಖಾಲಿ. ಎರಡು ಮೂರು ದಿನ ಯಾರೂ ನೋಡದಿದ್ದರೆ ಹೆಣಗಳನ್ನು ಎಣಿಸುವುದೇ ಉಳಿದೀತು.

ಯಾರೂ ಕೇಳದ ಒಂದು ಮಾತು. ಆ ಬಿಸಿಲು, ರಕ್ತ ಹೀರುವ ಉಣ್ಣೆ ಹುಳು ತಡೆಯಲೆಂದು 1933ರಲ್ಲಿ ಅಮೆರಿಕದಿಂದ ಕ್ವೀನ್ಸ್‌ಲ್ಯಾಂಡ್‌ಗೆ ಬ್ರಾಹ್ಮಣ್ ಎಂಬ ದನದ ತಳಿ ತರಿಸಿದರು. ಹೆಸರಿಗಷ್ಟೇ ಅಮೆರಿಕದ್ದು, ಮೂಲದಲ್ಲಿ ಭಾರತದ ಗಿರ್, ಕಾಂಕ್ರೇಜ್, ಒಂಗೋಲ್ ತಳಿಗಳ ಜೊತೆ ನಮ್ಮ ಕೃಷ್ಣಾ ಕಣಿವೆ ತಳಿಯೂ ಇದೆ. ಅದರ ತವರು ಬೆಳಗಾವಿ, ವಿಜಯಪುರದ ಕರಿಮಣ್ಣು.